ಹ್ಯಾಚ್‌ಬ್ಯಾಕ್ ನಿರ್ಣಯಸಿಂಧು

ಮನೆಯ ಮುಂದೆ ಮೂರನೆಯ ತಲೆಮಾರಿನ ಸ್ವಿಫ್ಟ್ ಸುಸ್ಥಿತಿಯಲ್ಲಿ ನಿಂತಿರುವಾಗ ನಾಲ್ಕನೆಯ ತಲೆಮಾರಿನದನ್ನು ಕೊಳ್ಳಬೇಕೇ ಬೇಡವೇ ಎಂಬ ಸಂಶಯವು ಗೃಹಸ್ಥಾಶ್ರಮಕ್ಕೆ ಮಾತ್ರ ಸೇರಿದ್ದು. ಬ್ರಹ್ಮಚಾರಿಗೆ ಬೈಕು ಸಾಕು; ವಾನಪ್ರಸ್ಥನಿಗೆ ಮಗ ಬುಕ್ ಮಾಡಿಕೊಡುವ ಟ್ಯಾಕ್ಸಿ ಸಾಕು. ಆದ್ದರಿಂದ ಈ ಶಾಸ್ತ್ರಕ್ಕೆ ಅಧಿಕಾರಿ ಗೃಹಸ್ಥನೊಬ್ಬನೇ, ಅದರಲ್ಲೂ ಹಳೆಯ ಸಾಲದ ಕಂತು ತೀರುತ್ತ ಬಂದವನು. ವಿಷಯ, ನಾಲ್ಕು ಮೀಟರಿಗಿಂತ ಚಿಕ್ಕದಾದ ಐದು ಬಾಗಿಲಿನ ವಾಹನ. ಸಂಬಂಧ, ಷೋರೂಮಿನಿಂದ ಗೃಹಸ್ಥನಿಗೆ ದಿನಕ್ಕೆರಡು ಸಲ ಬರುವ ಫೋನು. ಶಾಸ್ತ್ರಾರಂಭದಲ್ಲಿ ಹೇಳಲೇಬೇಕಾದ ನಾಲ್ಕನೆಯದು ಪ್ರಯೋಜನ. ಅದರ ವಿಷಯದಲ್ಲಿ ಒಮ್ಮತವಿಲ್ಲ.

ತಲೆಮಾರು ಎಂಬುದು ಇಲ್ಲಿ ಸುಮಾರು ಆರು ಆರೂವರೆ ವರ್ಷಗಳ ಕಾಲಮಾನ. ಸ್ವಿಫ್ಟ್ ಭಾರತಕ್ಕೆ ಬಂದದ್ದು 2005ರ ಮೇ ತಿಂಗಳಲ್ಲಿ. ಎರಡನೆಯ ತಲೆಮಾರು 2011ರ ಆಗಸ್ಟ್, ಮೂರನೆಯದು 2018ರ ಫೆಬ್ರವರಿ, ನಾಲ್ಕನೆಯದು 2024ರ ಮೇ. ಇತ್ತ ಕಾರಿನ ಸಾಲ ಏಳು ವರ್ಷದವರೆಗೆ, ಅಂದರೆ 84 ಕಂತುಗಳಲ್ಲಿ ಸಿಗುತ್ತದೆ. ಎಂಬತ್ನಾಲ್ಕು ಲಕ್ಷ ಯೋನಿಗಳನ್ನು ದಾಟಿ ಬಂದ ಜೀವಕ್ಕೆ ಇದೇನೂ ದೊಡ್ಡದಲ್ಲ. ಆದರೆ ಪೂರ್ಣಾವಧಿಯ ಸಾಲಗಾರನು ಕೊನೆಯ ಕೆಲವು ಕಂತುಗಳನ್ನು ಕಟ್ಟುವುದು ಹಿಂದಿನ ತಲೆಮಾರಾಗಿಬಿಟ್ಟ ಕಾರಿಗೆ ಎಂಬುದನ್ನು ಬ್ಯಾಂಕಿನವರೂ ಹೇಳುವುದಿಲ್ಲ, ಷೋರೂಮಿನವರೂ ಹೇಳುವುದಿಲ್ಲ.

ಹಳೆಯದಕ್ಕೂ ಹೊಸದಕ್ಕೂ ಭೇದ ಉಂಟೇ ಎಂಬುದು ಮೊದಲ ಪ್ರಶ್ನೆ. ಅಭೇದವಾದಿಗಳ ಬಲವಿರುವುದು ಟೇಪಿನಲ್ಲಿ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಮೂರನೆಯದರಲ್ಲೂ 2450 ಮಿಲಿಮೀಟರ್, ನಾಲ್ಕನೆಯದರಲ್ಲೂ 2450 ಮಿಲಿಮೀಟರ್. ಉದ್ದ 3840ರಿಂದ 3860ಕ್ಕೆ ಬೆಳೆದಿದೆ; ಈ 20 ಮಿಲಿಮೀಟರನ್ನು ಬಂಪರುಗಳೇ ಹಂಚಿಕೊಂಡಿರುವುದರಿಂದ ಒಳಗೆ ಕೂತವರ ಮೊಣಕಾಲಿಗೆ ಸುದ್ದಿ ಮುಟ್ಟುವುದಿಲ್ಲ. ಇನ್ನೂ ಬೆಳೆಸಬಾರದೇಕೆ ಎಂದರೆ ಅದಕ್ಕೆ ರಾಜಶಾಸನ ಅಡ್ಡ. 2006ರ ಕೇಂದ್ರ ಬಜೆಟ್ ನಾಲ್ಕು ಮೀಟರಿನೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿತು. 1.3 ಲೀಟರ್ ಎಂಜಿನ್ನಿನೊಂದಿಗೆ ಬಂದಿದ್ದ ಸ್ವಿಫ್ಟ್ 2010ರಲ್ಲಿ 1.2ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 18ಕ್ಕೆ ಇಳಿದದ್ದೂ ಇದೇ ಅಳತೆಯೊಳಗಿನವಕ್ಕೆ. ಹೀಗೆ ನಮ್ಮ ಹ್ಯಾಚ್‌ಬ್ಯಾಕಿನ ದೇಹಪ್ರಮಾಣವನ್ನು ಗೊತ್ತುಮಾಡಿದ್ದು ಸುಜುಕಿಯ ಶಿಲ್ಪಿಗಳಿಗಿಂತ ಹೆಚ್ಚಾಗಿ ದೆಹಲಿಯ ಹಣಕಾಸು ಇಲಾಖೆ.

ಭೇದವಾದಿಗಳು ಬಾನೆಟ್ ಎತ್ತಿ ತೋರಿಸುತ್ತಾರೆ. ಹಳೆಯದರಲ್ಲಿ ನಾಲ್ಕು ಸಿಲಿಂಡರು, ಹೊಸದರಲ್ಲಿ ಮೂರು. 2021ರ ನಂತರದ ಹಳೆಯ ಎಂಜಿನ್ನಿಗೆ 90 ಅಶ್ವಶಕ್ತಿ, ಹೊಸದಕ್ಕೆ 82. ಪ್ರಗತಿಯ ಹೆಸರಿನಲ್ಲಿ ಲಾಯದಿಂದ ಎಂಟು ಕುದುರೆಗಳು ಕಾಣೆಯಾಗಿವೆ. ಯಾರೂ ದೂರು ಕೊಟ್ಟಿಲ್ಲ. ಸಿಲಿಂಡರ್ ಕಡಿಮೆಯಾದಷ್ಟೂ ಒಳಗಿನ ತಿಕ್ಕಾಟ ಕಡಿಮೆ, ಪೆಟ್ರೋಲ್ ಉಳಿತಾಯ ಹೆಚ್ಚು. ಆದರೆ ನಾಲ್ಕು ಸಿಲಿಂಡರಿನಲ್ಲಿ ಕ್ರ್ಯಾಂಕಿನ ಪ್ರತಿ ಅರ್ಧ ಸುತ್ತಿಗೆ ಒಂದು ಸ್ಫೋಟವಾದರೆ, ಮೂರರಲ್ಲಿ 240 ಡಿಗ್ರಿಗೊಂದು. ಸಾಲದ್ದಕ್ಕೆ, ಮೂರು ಪಿಸ್ಟನ್ನುಗಳ ಓಡಾಟ ಎಂಜಿನ್ನನ್ನು ಈ ತುದಿಯಿಂದ ಆ ತುದಿಗೆ ತೂಗುತ್ತದೆ. ಓಡುವಾಗ ಇದು ತಿಳಿಯುವುದಿಲ್ಲ, ಸಿಗ್ನಲ್ಲಿನಲ್ಲಿ ನಿಂತಾಗ ಗೇರಿನ ಕಡ್ಡಿಯಲ್ಲಿ ತಿಳಿಯುತ್ತದೆ. ಬೆಂಗಳೂರಿನ ಟಿನ್ ಫ್ಯಾಕ್ಟರಿಯ ಬಳಿ ವಾಸವಿರುವ ಗೃಹಸ್ಥನಿಗೆ ನಿಂತಿರುವುದೇ ಕಾರಿನ ಸ್ವಾಭಾವಿಕ ಸ್ಥಿತಿಯಾದ್ದರಿಂದ ಈ ಸೂಕ್ಷ್ಮವನ್ನು ಅಲಕ್ಷಿಸುವಂತಿಲ್ಲ.

ಡಿಕ್ಕಿಯ ವಿಷಯದಲ್ಲಿ ಎರಡೂ ಪಕ್ಷದವರು ಮೌನ. ಅದು 268 ಲೀಟರಿನಿಂದ 265ಕ್ಕೆ ಇಳಿದಿದೆ. ಕಳೆದುಹೋದ ಜಾಗ ಸರಿಯಾಗಿ ಒಂದು ಮೂರು ಲೀಟರಿನ ಕುಕ್ಕರಿನಷ್ಟು. ಬಾಗಿಲಿನ ಹಿಡಿಯ ವಿಷಯದಲ್ಲಿ ಮಾತ್ರ ನಿಜವಾದ ಸುಧಾರಣೆಯಾಗಿದೆ. ಮೂರನೆಯ ತಲೆಮಾರಿನಲ್ಲಿ ಹಿಂಬಾಗಿಲಿನ ಹಿಡಿಯನ್ನು ಕಿಟಕಿಯ ಪಕ್ಕದ ಕಪ್ಪು ಮೂಲೆಯಲ್ಲಿ ಅಡಗಿಸಲಾಗಿತ್ತು. ಛತ್ರದ ಮುಂದೆ ರೇಷ್ಮೆ ಸೀರೆಯ ಅತ್ತೆಯವರು ಬಾಗಿಲನ್ನು ಮೇಲಿಂದ ಕೆಳಗೆ ಸವರುತ್ತಾ, ‘ಇದನ್ನ ಎಲ್ಲಿ ಹಿಡೀಬೇಕಪ್ಪಾ?’ ಎಂದು ಕೇಳದ ಮದುವೆ ಇರಲಿಲ್ಲ. ನಾಲ್ಕನೆಯದರಲ್ಲಿ ಹಿಡಿ ಮೊದಲಿನಂತೆ ಬಾಗಿಲಿಗೇ ಬಂದಿದೆ. ಆರು ವರ್ಷಗಳ ಸಂಶೋಧನೆಯ ನಂತರ ಹಿಡಿಯನ್ನು ಹಿಡಿಯುವ ಜಾಗದಲ್ಲಿ ಇಡಲಾಯಿತು.

ಇನ್ನು ಪ್ರಮಾಣಗಳು. ಪ್ರತ್ಯಕ್ಷವೆಂದರೆ ಟೆಸ್ಟ್ ಡ್ರೈವ್. ಭಾನುವಾರ ಬೆಳಿಗ್ಗೆ, ಖಾಲಿ ರಸ್ತೆಯಲ್ಲಿ, ಷೋರೂಮಿನ ಹುಡುಗನು ಪಕ್ಕದಲ್ಲಿ ಕೂತು ‘ಆರಾಮಾಗಿ ಹೋಗಿ ಸರ್’ ಎನ್ನುತ್ತಿರುವಾಗ ನಡೆಯುವ ಈ ಪರೀಕ್ಷೆಗೂ ಸೋಮವಾರದ ಸಿಲ್ಕ್ ಬೋರ್ಡ್ ಅನುಭವಕ್ಕೂ ಯಾವ ಸಂಬಂಧವೂ ಇಲ್ಲವಾದ್ದರಿಂದ ಇದನ್ನು ಭ್ರಮೆ ಎಂದು ತಳ್ಳಿಹಾಕಿದವರುಂಟು. ಹೊಸ ಸೀಟಿನ ವಾಸನೆ ಮೂಗಿಗೆ ತಗುಲಿದ ಮೇಲೆ ಸಾಕ್ಷಿಯ ಮಾತಿಗೆ ಬೆಲೆಯಿಲ್ಲ ಎಂಬುದು ಅವರ ವಾದ.

ಅನುಮಾನವು ಲೆಕ್ಕದಿಂದ ಹುಟ್ಟುತ್ತದೆ. ಕಂಪನಿ ಹೇಳುವಂತೆ ಮ್ಯಾನ್ಯುಯಲ್ ಗೇರಿನಲ್ಲಿ 2021ರ ನಂತರದ ಹಳೆಯದರ ಮೈಲೇಜು ಲೀಟರಿಗೆ 23.2 ಕಿಲೋಮೀಟರ್, ಹೊಸದರದು 24.8. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸಿದರೆ ಹಳೆಯದಕ್ಕೆ 431 ಲೀಟರ್, ಹೊಸದಕ್ಕೆ 403 ಲೀಟರ್. ಉಳಿಯುವುದು 28 ಲೀಟರ್. ಲೀಟರಿಗೆ ನೂರು ರೂಪಾಯಿಯಂತೆ ವರ್ಷಕ್ಕೆ 2,800 ರೂಪಾಯಿ. ಹಳೆಯ ಕಾರಿಗೆ ಬಂದದ್ದನ್ನು ಕಳೆದು ಕೈಯಿಂದ ಬೀಳುವ ಮೊತ್ತ 4 ಲಕ್ಷವೆಂದು ಇಟ್ಟುಕೊಂಡರೆ, ಅಸಲು ಹುಟ್ಟಲು ಸುಮಾರು 143 ವರ್ಷ ಬೇಕು. 2025ರ ಪ್ರಯಾಗದ ಮಹಾಕುಂಭಕ್ಕೆ ಹೇಳಲಾದ ಅವಧಿಗಿಂತ ಇದು ಒಂದು ವರ್ಷ ಕಡಿಮೆ. ನೋಂದಣಿಯ ಆಯುಸ್ಸು 15 ವರ್ಷವಾದ್ದರಿಂದ ಈ ಉಳಿತಾಯದ ಫಲ ಮೊಮ್ಮಕ್ಕಳ ಮೊಮ್ಮಕ್ಕಳಿಗೆ, ಅದೂ ಎಫ್‌ಸಿ ಮಾಡಿಸುತ್ತ ಬಂದರೆ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ಶೇ. 14ರ ಲೈಫ್‌ಟೈಮ್ ಟ್ಯಾಕ್ಸು, ಅದರ ಮೇಲಿನ ಸೆಸ್ಸು ಇವೆಲ್ಲ ಆ 4 ಲಕ್ಷದಲ್ಲೇ ಅಡಗಿವೆ. ಹಳೆಯ ಕಾರಿಗೆ 15 ವರ್ಷಕ್ಕೆಂದು ಕಟ್ಟಿದ ತೆರಿಗೆಯಲ್ಲಿ ಉಳಿದದ್ದು ಅದನ್ನು ಕೊಂಡವನ ಪಾಲು.

ಉಪಮಾನಕ್ಕೆ ನೈಯಾಯಿಕರು ಕೊಡುವ ಉದಾಹರಣೆ, ಕಾಡಿನ ಗವಯ ಮೃಗವು ಹಸುವಿನಂತಿರುತ್ತದೆ ಎಂಬುದು. ಈ ಶಾಸ್ತ್ರದಲ್ಲಿ ಗವಯದ ಸ್ಥಾನ ಷಡ್ಡಕನ ಕಾರಿಗೆ. ಷಡ್ಡಕನ ಕಾರು ಯಾವಾಗಲೂ ಒಂದು ದರ್ಜೆ ಮೇಲಿನದು. ಗೃಹಸ್ಥನದು ವಿಎಕ್ಸ್‌ಐ ಆದರೆ ಅವನದು ಝಡ್‌ಎಕ್ಸ್‌ಐ. ಹಬ್ಬಕ್ಕೆ ಬಂದವನು ತನ್ನ ಕಾರನ್ನು ಗೇಟಿನ ಮುಂದೆ ಅಡ್ಡ ನಿಲ್ಲಿಸಿ, ಕೀಯನ್ನು ಊಟದ ಮೇಜಿನ ಮೇಲಿಟ್ಟು ಏನೂ ಹೇಳದೆ ಕೂರುತ್ತಾನೆ. ಈ ಪ್ರಮಾಣದ ಬಲ ಆ ಮೌನದಲ್ಲಿದೆ.

ಶಬ್ದಪ್ರಮಾಣ ಆಪ್ತವಾಕ್ಯ. ಕಾರಿನ ಮಟ್ಟಿಗೆ ಆಪ್ತನೆಂದರೆ ಗ್ಯಾರೇಜಿನವನು. ‘ಎಂಜಿನ್ ಬೆಣ್ಣೆ ಇದ್ದಂಗೈತೆ ಸಾರ್, ಇದನ್ನ ಮಾತ್ರ ಕೊಡಬ್ಯಾಡಿ’ ಎಂದು ಅವನು ಒಂದೇ ಉಸಿರಿನಲ್ಲಿ ವಿಧಿ ನಿಷೇಧ ಎರಡನ್ನೂ ಹೇಳುತ್ತಾನೆ. ಆದರೆ ಹೊರಡುವಾಗ ‘ಕೊಡೋದಾದ್ರೆ ನಂಗೇ ಹೇಳಿ, ಒಂದು ಪಾರ್ಟಿ ಐತೆ’ ಎನ್ನುವುದರಿಂದ ವಕ್ತೃವಿನ ಆಪ್ತತೆಯಲ್ಲೇ ಸಂಶಯ ಏಳುತ್ತದೆ.

ನಾಲ್ಕೂ ಪ್ರಮಾಣಗಳು ಹೀಗೆ ಕೈಕೊಟ್ಟಾಗ ಮೀಮಾಂಸಕರ ಅರ್ಥಾಪತ್ತಿಯೇ ಗತಿ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದೇ ಕಲ್ಪಿಸಬೇಕು. ಹಾಗೆಯೇ, ‘ಸುಮ್ಮನೆ ನೋಡ್ತಾ ಇದ್ದೀನಿ’ ಎನ್ನುವ ಗೃಹಸ್ಥನಿಗೆ ಎಲ್ಲ ಬಣ್ಣಗಳ ಹೆಸರೂ ಬಾಯಿಗೆ ಬರುತ್ತಿದ್ದರೆ, ಅವನ ಫೋನಿನಲ್ಲಿ ಇಎಂಐ ಲೆಕ್ಕದ ಪುಟ ತೆರೆದೇ ಇದ್ದರೆ, ಹಳೆಯ ಕಾರಿನ ಕ್ಲಚ್ಚು ಇತ್ತೀಚೆಗೆ ಯಾಕೋ ಗಟ್ಟಿ ಎಂದು ಅವನಿಗೆ ಅನಿಸತೊಡಗಿದ್ದರೆ, ನಿರ್ಣಯವು ಆಗಲೇ ಆಗಿಹೋಗಿದೆ ಎಂದೇ ತಿಳಿಯಬೇಕು. ಪ್ರಮಾಣಗಳನ್ನು ಹುಡುಕುವ ಕೆಲಸ ಆಮೇಲಿನದು. ಇಷ್ಟು ಹೊತ್ತು ಹೇಳಿದ ಅನುಮಾನ ಉಪಮಾನಗಳೆಲ್ಲ ಆ ಕೆಲಸಕ್ಕೆ ಸೇರಿದವು.

ಇಷ್ಟಾದರೂ ಒಂದು ಪೂರ್ವಪಕ್ಷ ಉಳಿಯುತ್ತದೆ. ಅದನ್ನು ಎತ್ತುವವಳು ಗೃಹಿಣಿ. ಅವಳ ಸೂತ್ರ ಎರಡೇ ಪದದ್ದು: ‘ಇದಕ್ಕೇನಾಗಿದೆ ರೀ?’ ಭಾಷ್ಯಕಾರರು ಇದಕ್ಕೆ ಉತ್ತರ ಬರೆದಿಲ್ಲ. ಹೊಸ ಕಾರಿನ ಒಂಬತ್ತು ಇಂಚಿನ ಪರದೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಮೈಲೇಜಿನ ಲೆಕ್ಕವನ್ನಂತೂ ತೆಗೆಯದಿರುವುದೇ ಲೇಸು. ಆಗ ಗೃಹಸ್ಥನು ಅದುವರೆಗೆ ತಾನು ಯೋಚಿಸಿಯೇ ಇರದ ಒಂದು ಸಂಗತಿಯನ್ನು ಕರಪತ್ರದ ಹಿಂಬದಿಯಿಂದ ಹೆಕ್ಕಿ ತರುತ್ತಾನೆ: ‘ಹಳೇದರಲ್ಲಿ ಎರಡೇ ಏರ್‌ಬ್ಯಾಗು ಕಣೇ, ಇದರಲ್ಲಿ ಆರು. ಮಕ್ಕಳು ಹಿಂದೆ ಕೂರ್ತಾರೆ.’ ವಿಚಿತ್ರವೆಂದರೆ, ಇಡೀ ವಾದದಲ್ಲಿ ನಿಲ್ಲುವ ಹೇತು ಇದೊಂದೇ. ಆರು ಏರ್‌ಬ್ಯಾಗು, ಕಾರು ಜಾರದಂತೆ ಹಿಡಿಯುವ ಇಎಸ್‌ಪಿ, ಹಿಂದಿನ ಮೂವರಿಗೂ ಮೂರು ಕೊಂಡಿಯ ಬೆಲ್ಟು ಹೊಸದರಲ್ಲಿ ತೀರಾ ಕೆಳಗಿನ ದರ್ಜೆಯಿಂದಲೇ ಬರುತ್ತವೆ. ಪಕ್ಕದಿಂದ ಗುದ್ದಿದಾಗ ಹಿಂದೆ ಕೂತವರ ತಲೆಗೆ ಅಡ್ಡ ಬರುವ ಏರ್‌ಬ್ಯಾಗಿನ ಪರದೆ ಹಳೆಯದರಲ್ಲಿ ಇರಲೇ ಇಲ್ಲ. ಸುಳ್ಳು ಸಮರ್ಥನೆಗೆಂದು ತಂದ ಕಾರಣವೇ ನಿಜವಾಗಿಬಿಡುವ ಇಂಥ ಪ್ರಸಂಗ ತರ್ಕಶಾಸ್ತ್ರದಲ್ಲಿ ಅಪರೂಪ.

ನಿರ್ಣಯವಾದ ಮೇಲೆ ಹಳೆಯ ಕಾರಿನ ಅಪರಕರ್ಮ. ಫಾರಂ 29 ಮತ್ತು 30ಕ್ಕೆ ಸಹಿ ಬೀಳುತ್ತದೆ, ಫಾಸ್ಟ್ಯಾಗ್ ಕಳಚುತ್ತದೆ, ಸೀಟಿನ ಕೆಳಗಿನಿಂದ ಚಿಲ್ಲರೆಯೂ ಒಂಟಿ ಓಲೆಯೂ ಹೊರಬರುತ್ತವೆ. ಹಳೆಯ ದೇಹವನ್ನು ಬಿಟ್ಟು ಹೊಸ ದೇಹಕ್ಕೆ ಹೋಗುವುದು ಎರಡೇ. ಮೊದಲನೆಯದು ವಿಮೆಯ ನೋ ಕ್ಲೈಮ್ ಬೋನಸ್. ಕ್ಲೈಮ್ ಮಾಡದ ಮೊದಲ ವರ್ಷಕ್ಕೆ ಶೇ. 20ರಿಂದ ಹಿಡಿದು ಐದನೆಯ ವರ್ಷಕ್ಕೆ ಶೇ. 50ರವರೆಗೆ ಸೇರುವ ಈ ಪುಣ್ಯವು ಕಾರಿನದಲ್ಲ, ಯಜಮಾನನದು. ಹೊಸ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಮ್ಮಿನಲ್ಲಿ ಅಷ್ಟು ರಿಯಾಯಿತಿ ಉಂಟು. ಹಿಂದೊಮ್ಮೆ ಗೇಟಿಗೆ ಉಜ್ಜಿದ ಬಂಪರಿಗೆ ಕ್ಲೈಮ್ ಹಾಕಿ ಅದನ್ನು ಕಳೆದುಕೊಂಡವರು ಮತ್ತೆ ಶೂನ್ಯದಿಂದ ಶುರುಮಾಡಬೇಕು.

ಎರಡನೆಯದು ಡ್ಯಾಶ್‌ಬೋರ್ಡಿನ ಗಣಪತಿ. ನಡುವೆ ಕೂರಿಸೋಣವೆಂದರೆ ಅಲ್ಲೀಗ ಒಂಬತ್ತು ಇಂಚಿನ ಪರದೆ ತಲೆಯೆತ್ತಿ ನಿಂತಿದೆ. ಎಡಕ್ಕೆ ಸರಿಸಿದರೆ ಕೆಳಗೆ ಏರ್‌ಬ್ಯಾಗಿನ ಮುಚ್ಚಳ. ಅದರ ಮೇಲೆ ಏನನ್ನಿಟ್ಟರೂ ಏರ್‌ಬ್ಯಾಗ್ ಉಬ್ಬಿದಾಗ ಪಕ್ಕದಲ್ಲಿ ಕೂತವರ ಮುಖಕ್ಕೇ ಬಂದು ಬಡಿಯುತ್ತದೆ. ಹಳೆಯ ಕಾರಿನಲ್ಲೂ ಏರ್‌ಬ್ಯಾಗ್ ಅಲ್ಲಿಯೇ ಇತ್ತು, ಕೈಪಿಡಿಯನ್ನು ಯಾರೂ ಬಿಡಿಸಿರಲಿಲ್ಲ. ಡೆಲಿವರಿಯ ದಿನ ನಿಂಬೆಹಣ್ಣು ಚಕ್ರದಡಿ ಕೂತ ಮೇಲೆ, ಡಬಲ್ ಟೇಪು ಹಿಡಿದು ನಿಂತ ಗೃಹಸ್ಥನಿಗೆ ಷೋರೂಮಿನವರು ಸ್ಟಿಯರಿಂಗಿನ ಬಲಗಡೆಯ ಮೂಲೆಯನ್ನು ತೋರಿಸುತ್ತಾರೆ. ಗಣಪತಿ ಅಲ್ಲಿ ಎಸಿ ಗಾಳಿಗೆ ಬೆನ್ನು ಕೊಟ್ಟು ಕೂರಬೇಕೋ ಮುಖ ಕೊಟ್ಟೋ ಎಂಬುದನ್ನು ಪುರೋಹಿತರಿಗೆ ಬಿಡಲಾಗಿದೆ.