ಬಾಡಿಗೆ ಎಣಿಸುವ ಮೊದಲು ನೀರಿನ ದಿನ ಎಣಿಸು

ನಾಸಿಕ್‌ನಲ್ಲೋ ಛತ್ರಪತಿ ಸಂಭಾಜಿನಗರದಲ್ಲೋ ಫ್ಲ್ಯಾಟ್ ಕೊಂಡು ಬಾಡಿಗೆಗೆ ಬಿಡಬೇಕೆಂದಿರುವ ನಮ್ಮ ಕಡೆಯ ತಮ್ಮಂದಿರಿಗೆ,

ತಮ್ಮಾ, ನಾನು ಬೀದರ್ ಕಡೆಯವ. 1956ರವರೆಗೆ ನಮ್ಮ ಬೀದರ್, ಕಲಬುರಗಿ, ರಾಯಚೂರುಗಳೂ ಅಂದು ಔರಂಗಾಬಾದ್ ಎನಿಸಿಕೊಂಡಿದ್ದ ಸಂಭಾಜಿನಗರವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಹಾಗಾಗಿ ಆ ಊರಿನ ನಂಟು ನಮಗೆ ಹೊಸದೇನಲ್ಲ. ಸಂಭಾಜಿನಗರದ ನನ್ನ ಮನೆಯಲ್ಲಿ ಬಾಡಿಗೆದಾರರಿದ್ದಾರೆ. ನೌಕರಿಯ ಸಲುವಾಗಿ ನಾನು ನಾಸಿಕ್‌ನಲ್ಲಿ ಬೇರೆಯವರ ಮನೆಯಲ್ಲಿ ಬಾಡಿಗೆಗಿದ್ದೇನೆ. ತಿಂಗಳ ಮೊದಲ ವಾರ ಬಾಡಿಗೆ ಇಸಿದುಕೊಳ್ಳುತ್ತೇನೆ, ಅದೇ ವಾರ ಬಾಡಿಗೆ ಕೊಡುತ್ತೇನೆ. ಎರಡೂ ಬಾಗಿಲಲ್ಲಿ ನಿಂತು ಕಂಡದ್ದನ್ನು ಬರೆಯುತ್ತಿದ್ದೇನೆ.

ಮನೆ ಕೊಳ್ಳುವಾಗ ನಾನು ಗೋಡೆ ತಟ್ಟಿ ನೋಡಿದೆ, ಗಾಳಿ ಬೆಳಕು ನೋಡಿದೆ, ವಾಳೂಜ್ ಕಾರ್ಖಾನೆಗಳ ಬಸ್ಸು ಎಲ್ಲಿ ನಿಲ್ಲುತ್ತದೆಂದು ವಿಚಾರಿಸಿದೆ. ‘ನಳ ಇದೆಯಾ?’ ಅಂದೆ. ‘ಇದೆ’ ಅಂದರು. ಅವರು ಹೇಳಿದ್ದು ಸುಳ್ಳಲ್ಲ, ನಳವಿತ್ತು. ಅದರಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆಂದು ನಾನು ಕೇಳಲೇ ಇಲ್ಲ. ಮೊದಲ ಬೇಸಿಗೆಯಲ್ಲೇ ಬಾಡಿಗೆದಾರರು ಬೀಗದ ಕೈ ತಂದುಕೊಟ್ಟರು. ಗಂಡ, ಹೆಂಡತಿ, ಎರಡು ಸಣ್ಣ ಮಕ್ಕಳು. ವಾರದ ನೀರು ಹಿಡಿದಿಡುವಷ್ಟು ಟಾಕಿ ಆ ಮನೆಯಲ್ಲಿರಲಿಲ್ಲ. ಟ್ಯಾಂಕರಿಗೆ ಕೊಟ್ಟ ದುಡ್ಡನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಿ ಎಂದು ಅವರು ಕೇಳಿದ್ದರು, ನಾನು ಒಪ್ಪಿರಲಿಲ್ಲ. ಮೂರು ತಿಂಗಳು ಮನೆ ಖಾಲಿ ಬಿತ್ತು. ತಪ್ಪು ನನ್ನದೇ. ಹೋಗುವಾಗ ಆ ತಾಯಿ ತುಂಬಿದ ಕೊಡಗಳನ್ನು ಪಕ್ಕದ ಮನೆಗೆ ಕೊಟ್ಟು ಹೋದಳು. ಅದನ್ನು ನಾನು ಮರೆತಿಲ್ಲ.

ಸಂಭಾಜಿನಗರಕ್ಕೆ ನೀರು ಕೊಡುವ ಪೈಠಣದ ಜಾಯಕವಾಡಿ ಗೋದಾವರಿಗೆ ಕಟ್ಟಿದ, ನೂರು ಟಿಎಂಸಿಗೂ ಮಿಕ್ಕಿ ನೀರು ಹಿಡಿಯುವ ಅಣೆಕಟ್ಟು, ಊರಿಂದ ಐವತ್ತು ಕಿಲೋಮೀಟರ್ ಆಸುಪಾಸು. ಅದು ತುಂಬಿ ಗೇಟು ತೆಗೆದ ವರ್ಷವೂ ಊರಿನ ನಳಗಳಿಗೆ ದಿನಾ ನೀರು ಬರಲಿಲ್ಲ, ಏಕೆಂದರೆ ತರುವ ಪೈಪು ಹಳೆಯದಾಗಿತ್ತು, ಸಾಲುತ್ತಿರಲಿಲ್ಲ. ಹೊಸ ನೀರಿನ ಯೋಜನೆಗೆ 2020ರ ಡಿಸೆಂಬರಿನಲ್ಲಿ ಅಡಿಗಲ್ಲು ಇಟ್ಟರು. 1,680 ಕೋಟಿ ರೂಪಾಯಿಯ ಅಂದಾಜು 2,740 ಕೋಟಿಗೆ ಏರಿತು. ಇದೇ ಊರಿಗೆ ನಾಲ್ಕು ನೂರು ವರ್ಷದ ಹಿಂದೆ ಅಂದಿನ ಮಂತ್ರಿ ಮಲಿಕ್ ಅಂಬರ್ ನೆಲದಡಿಯ ನೆಹರ್, ಅಂದರೆ ಕಾಲುವೆ, ಕಟ್ಟಿಸಿ ನೀರು ಹರಿಸಿದ್ದ.

ಇನ್ನು ನಾಸಿಕ್. ಇಲ್ಲಿ ನಾನು ಕುಡಿಯುವುದು ಗಂಗಾಪುರ ಅಣೆಕಟ್ಟಿನ ನೀರು, ಅದೂ ಗೋದಾವರಿಯೇ. ಮಳೆ ಕೈಕೊಟ್ಟ ವರ್ಷ, ಅಕ್ಟೋಬರ್ 15ರ ಹೊತ್ತಿಗೆ ಜಾಯಕವಾಡಿಯಲ್ಲಿ ಶೇಕಡ 65ರಷ್ಟು ನೀರಿಲ್ಲದಿದ್ದರೆ ಮೇಲಿನ ನಾಸಿಕ್, ಅಹಿಲ್ಯಾನಗರ ಜಿಲ್ಲೆಗಳ ಅಣೆಕಟ್ಟುಗಳಿಂದ ಕೆಳಕ್ಕೆ ಬಿಡಬೇಕೆಂಬುದು ಸಂಭಾಜಿನಗರವಿರುವ ಮರಾಠವಾಡದ ಹಕ್ಕು. 2023ರ ಅಕ್ಟೋಬರ್ ಕೊನೆಯಲ್ಲಿ 8.6 ಟಿಎಂಸಿ ಬಿಡಲು ಆದೇಶವಾದಾಗ ಈ ಕಡೆ ದೊಡ್ಡ ವಿರೋಧವೆದ್ದಿತು. ನನ್ನ ಮನೆ ಮಾಲೀಕರು ‘ನಮ್ಮ ನೀರು ಒಯ್ಯುತ್ತಾರೆ’ ಅಂದರು. ಅತ್ತ ನನ್ನ ಬಾಡಿಗೆದಾರರು ಫೋನಿನಲ್ಲಿ ‘ನೀರು ಬಿಟ್ಟರಾ?’ ಎಂದು ಕೇಳುತ್ತಿದ್ದರು. ಅವರ ಕೊಡ, ನನ್ನ ಕೊಡ ಎರಡೂ ತುಂಬಬೇಕಾದದ್ದು ಒಂದೇ ಹೊಳೆಯಿಂದ. ಅಂದಿನಿಂದ ಬಾಡಿಗೆಯ ಲೆಕ್ಕವನ್ನು ನೀರಿನಿಂದಲೇ ಶುರು ಮಾಡುತ್ತೇನೆ.

ನಾಸಿಕ್‌ನ ಏಜೆಂಟರು ನಿನಗೆ ಸಿಂಹಸ್ಥ ಕುಂಭಮೇಳದ ಮಾತು ಹೇಳುತ್ತಾರೆ. 2027ರ ಆಗಸ್ಟ್, ಸೆಪ್ಟೆಂಬರಿನ ಪರ್ವಸ್ನಾನಕ್ಕೆ ಜನ ಬರುವುದು ನಿಜ, ಆದರೆ ಅದು ಹನ್ನೆರಡು ವರ್ಷಕ್ಕೊಮ್ಮೆ. ಮನೆ ತುಂಬಿರುವುದು ಸಾತಪುರ, ಅಂಬಡದ ಕಾರ್ಖಾನೆಗೆ ಹೋಗುವವರಿಂದ. ಆ ಕೆಲಸಗಾರನ ಸಂಬಳಕ್ಕೆ ಒಗ್ಗುವ ಬಾಡಿಗೆಯೇ ನಿನ್ನ ನಿಜವಾದ ಬಾಡಿಗೆ. ಸಂಭಾಜಿನಗರದಲ್ಲಿ ಅಗ್ಗದ ಮನೆ ಕಂಡರೆ ಗುಂಠೇವಾರಿ ಬಡಾವಣೆಯೋ ಎಂದು ನೋಡು: ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರಿದ್ದು. ಸಕ್ರಮದ ಕಾಗದವಿಲ್ಲದೆ ಮುಂಗಡ ಕೊಡಬೇಡ.

ಲೆಕ್ಕ ಹೀಗೆ ಹಾಕು. ಐವತ್ತು ಲಕ್ಷದ ಫ್ಲ್ಯಾಟು, ತಿಂಗಳಿಗೆ ಹದಿನಾಲ್ಕು ಸಾವಿರ ಬಾಡಿಗೆ ಅಂದುಕೊಳ್ಳೋಣ. ವರ್ಷಕ್ಕೆ 1,68,000. ಒಂದು ತಿಂಗಳು ಖಾಲಿ ಎಂದು ಕಳೆ, ಸೊಸೈಟಿ ಮೇಂಟೆನೆನ್ಸ್ 24,000 ಕಳೆ, ಘರಪಟ್ಟಿ (ಮನೆ ತೆರಿಗೆ), ಪಾಣಿಪಟ್ಟಿ (ನೀರಿನ ಕರ), ಬಣ್ಣ, ರಿಪೇರಿ ಸೇರಿ 25,000 ಕಳೆ. ಉಳಿದದ್ದು 1,05,000, ಅಂದರೆ ಶೇಕಡ ಎರಡು ಚಿಲ್ಲರೆ. ಸಾಲ ಮಾಡಿ ಕೊಂಡರೆ ಬಡ್ಡಿಗೂ ಸಾಲದು. ನೀನು ವಾಸವಿಲ್ಲವೆಂದು ಸೊಸೈಟಿ ಹೆಚ್ಚುವರಿ ಶುಲ್ಕ ಹಾಕಿದರೆ, 2001ರ ಸರ್ಕಾರಿ ಆದೇಶದಂತೆ ಅದು ಸೇವಾಶುಲ್ಕದ ಶೇಕಡ ಹತ್ತನ್ನು ಮೀರಕೂಡದು.

ಕರಾರಿನ ವಿಷಯ. ನಮ್ಮಲ್ಲಿ ಹನ್ನೊಂದು ತಿಂಗಳ ಕರಾರನ್ನು ಛಾಪಾಕಾಗದದ ಮೇಲೆ ಬರೆದು ಕಪಾಟಿನಲ್ಲಿಡುತ್ತೇವೆ. ಇಲ್ಲಿ ಹಾಗಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನಂತೆ ‘ಲೀವ್ ಅಂಡ್ ಲೈಸೆನ್ಸ್’ ಕರಾರು ನೋಂದಣಿಯಾಗಲೇಬೇಕು, ಹೊಣೆ ಮಾಲೀಕನದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಸೆರೆ ಅಥವಾ ಐದು ಸಾವಿರದವರೆಗೆ ದಂಡ, ಅಥವಾ ಎರಡೂ. ತಗಾದೆ ಬಂದರೆ, ಬೇರೆ ಪುರಾವೆ ಇಲ್ಲದಿದ್ದಲ್ಲಿ, ಷರತ್ತುಗಳ ಬಗ್ಗೆ ಬಾಡಿಗೆದಾರನ ಮಾತೇ ನಿಲ್ಲುತ್ತದೆ. ಖರ್ಚು ಎಷ್ಟು? ಮುದ್ರಾಂಕ ಒಟ್ಟು ಬಾಡಿಗೆಯ ಶೇಕಡ ಕಾಲು. ಮೇಲಿನ ಬಾಡಿಗೆಗೆ ನಾನೂರರ ಆಸುಪಾಸು. ನಗರಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ ಸಾವಿರ. ಇಷ್ಟನ್ನು ಉಳಿಸಲು ಹೋಗಿ ಬಾಡಿಗೆದಾರನಿಗೆ ವಿಳಾಸದ ಪುರಾವೆ ಇಲ್ಲದಂತೆ ಮಾಡುವ ಮಾಲೀಕರನ್ನು ನೋಡಿದ್ದೇನೆ. ನೀನು ಹಾಗೆ ಮಾಡಬೇಡ. ಟ್ಯಾಂಕರಿನ ಖರ್ಚು ಯಾರದೆಂಬುದನ್ನೂ ಆ ಕರಾರಿನಲ್ಲೇ ಬರೆಸು. ನನ್ನದರಲ್ಲಿ ಈಗ ಅರ್ಧ ನಾನು ಕೊಡುತ್ತೇನೆ ಎಂದಿದೆ.

ದೀಪಾವಳಿಗೆ ಮನೆ ನೋಡಲು ಬರಬೇಡ, ಹೊಳೆ ತುಂಬಿರುತ್ತದೆ. ಮೇ ತಿಂಗಳಲ್ಲಿ ಬಾ. ನೀರು ಬರುವ ದಿನ ಮೆಟ್ಟಿಲ ಮೇಲೆ ಕೂತು, ಕೊಡ ಹಿಡಿದು ನಿಂತ ಹೆಣ್ಣುಮಕ್ಕಳನ್ನು ಕೇಳು: ಹಿಂದಿನ ಸಲ ಯಾವತ್ತು ಬಂದಿತ್ತು? ನನಗೆ ತಿಳಿಸಿದರೆ ನಾನೂ ಜೊತೆಗೆ ಬರುತ್ತೇನೆ.

ಇಂತಿ,
ನಾಸಿಕ್‌ನಲ್ಲಿರುವ ನಿಮ್ಮ ಅಣ್ಣ