ಗೊರಗೊರ ಮೀಮಾಂಸೆ

ಹಾಡಿನ ತಟ್ಟೆಯಿಂದ ಹಾಡೇ ಹೊರಡಬೇಕೆಂಬ ನಂಬಿಕೆ ಲೋಕದಲ್ಲಿ ರೂಢವಾಗಿದ್ದರೂ, ರಾಯದುರ್ಗ ಮತ್ತು ಮಡಕಶಿರಾ ಸೀಮೆಗಳ ಮದುವೆ, ಜಾತ್ರೆ, ಉರುಸು, ಟೆಂಟ್ ಸಿನಿಮಾ ಎಂಬ ಚತುರ್ವಿಧ ಸತ್ರಗಳಲ್ಲಿ ಹುಣಿಸೆಮರದ ಕೊಂಬೆಗೆ ಬಿಗಿದ ಹಾರ್ನಿನ ಬಾಯಿಂದ ಹೊಮ್ಮಿದ ನಾದವನ್ನು ಕೇಳಿ ಬೆಳೆದವರು ಆ ನಂಬಿಕೆಯನ್ನು ಬಾಲ್ಯದಲ್ಲಿಯೇ ತೊರೆದು, ಬಂದದ್ದನ್ನು ಬಂದಂತೆ ಕೇಳುವ ಸ್ಥಿತಪ್ರಜ್ಞತೆಯನ್ನು ಸಂಪಾದಿಸಿಕೊಂಡಿರುವರೆಂಬುದು ವಿದ್ವಜ್ಜನರಿಗೆ ತಿಳಿಯದ ಸಂಗತಿಯಲ್ಲ. ಪ್ರಾಚೀನ ಸಂಗೀತಶಾಸ್ತ್ರಕಾರರು ನಾದವನ್ನು ಆಹತ, ಅನಾಹತ ಎಂದು ಎರಡಾಗಿ ವಿಂಗಡಿಸಿ ವಿಶ್ರಮಿಸಿದರು. ಮೈಕ್ ಸೆಟ್ ಅವರ ಕಾಲದಲ್ಲಿ ಇರಲಿಲ್ಲವಾದ್ದರಿಂದ, ಕೇಳುವವನೇ ಆಹತನಾಗುವ ಮೂರನೆಯ ಪ್ರಭೇದವೊಂದು ಅವರ ಲಕ್ಷ್ಯದಿಂದ ಜಾರಿಹೋಯಿತು. ಅದಕ್ಕೆ ಜನರ ಬಾಯಲ್ಲಿರುವ ಗೊರಗೊರವೆಂಬ ಸಂಜ್ಞೆಯನ್ನೇ ಉಳಿಸಿಕೊಂಡು, ಅದರ ನಿದಾನ, ಲಕ್ಷಣ, ಚಿಕಿತ್ಸೆಗಳನ್ನು ಈ ಪ್ರಬಂಧದಲ್ಲಿ ವಿಚಾರಿಸಲಾಗುವುದು.

ಪೂರ್ವಪಕ್ಷಗಳಲ್ಲಿ ಅತ್ಯಂತ ಗೌರವಾನ್ವಿತವಾದುದು ಸೀಮಾವಾದ. ಕನ್ನಡದ ತಟ್ಟೆ ಆಂಧ್ರದ ನೆಲದಲ್ಲಿ ತಿರುಗುವಾಗ ಅಕ್ಷರಗಳು ತೊಡರುವುದು ಸಹಜವೆಂದೂ, 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹರಿದು ಹಂಚಿಹೋಗಿ ರಾಯದುರ್ಗ ತಾಲ್ಲೂಕು ಆದವಾನಿ, ಆಲೂರುಗಳೊಡನೆ ಆಂಧ್ರಕ್ಕೆ ಸಂದ ಗಳಿಗೆಯಿಂದಲೇ ಅಲ್ಲಿನ ಗ್ರಾಮಫೋನ್ ಪೆಟ್ಟಿಗೆಗಳಿಗೆ ಗಂಟಲು ಕಟ್ಟಿತೆಂದೂ ಈ ಮತದವರು ಹೇಳುವರು. ಮತ ಹೃದಯಂಗಮವಾದುದೇ, ಹೇತುವಿಗೆ ಮಾತ್ರ ವ್ಯಭಿಚಾರದೋಷ ತಗುಲಿದೆ. ಏಕೆಂದರೆ ಮಡಕಶಿರಾ 1882ರಲ್ಲಿ ಅನಂತಪುರ ಜಿಲ್ಲೆ ಏರ್ಪಟ್ಟಂದಿನಿಂದ ಅದರಲ್ಲಿಯೇ ಇದ್ದು, 1953ರಲ್ಲಿ ಜಿಲ್ಲೆ ಬಿಟ್ಟು ಅಂಗುಲವೂ ಕದಲಲಿಲ್ಲ. ಆದರೂ ಅಮರಾಪುರ, ರೊಳ್ಳ, ಅಗಳಿಗಳಲ್ಲಿ ಗೊರಗೊರವು ರಾಯದುರ್ಗದಷ್ಟೇ ಸಮೃದ್ಧವಾಗಿತ್ತು. 2022ರಲ್ಲಿ ಆ ಪ್ರದೇಶವೆಲ್ಲ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮೇಲೂ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಗಳು ದನಿ ತಿದ್ದಿಕೊಂಡುವೆಂದು ಯಾರೂ ಹೇಳುತ್ತಿಲ್ಲ. ಭೂಪಟದಲ್ಲಿ ಮಡಕಶಿರಾ ಕರ್ನಾಟಕದೊಳಕ್ಕೂ ಪಕ್ಕದ ಪಾವಗಡ ಆಂಧ್ರದೊಳಕ್ಕೂ ಚಾಚಿಕೊಂಡಿರುವುದನ್ನು ಕಂಡಾಗ, ಬಿಸಿಲಿಗಿಟ್ಟು ಮರೆತ ತಟ್ಟೆಯ ಅಂಚಿನಂತೆ ಗಡಿ ಸೊಟ್ಟಗಾಗಿದೆಯೆನ್ನಬಹುದೇ ಹೊರತು, ಗಡಿಯೇ ತಟ್ಟೆಯನ್ನು ಸೊಟ್ಟಗೆ ಮಾಡಿತೆಂದರೆ ತರ್ಕವಾಗದು. ಇನ್ನು, ಹೆಂಜೇರೆಂಬ ಹೆಸರಿನಲ್ಲಿ ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯ ಶಾಸನಗಳಲ್ಲಿ ಮುಳ್ಳು ಬದಲಾಯಿಸುವ ವಿಧಿ ಕಾಣದಿರುವುದರಿಂದ, ಹಳೆಯ ಮುಳ್ಳನ್ನೇ ಮುಂದುವರಿಸುವುದು ನೊಳಂಬ ಸಂಪ್ರದಾಯವೆಂದು ಸಾಧಿಸುವವರಿಗೆ ಉತ್ತರ ಕೊಡುವುದು ಅನಾವಶ್ಯಕ.

ಎರಡನೆಯದಾದ ವಿದ್ಯುದ್ವಾದವು “ಕರೆಂಟು ಡಲ್ಲಿದೆ” ಎಂಬ ಏಕಸೂತ್ರದಲ್ಲಿ ಅಡಗಿದೆ. ಸೂತ್ರವು ಅಲ್ಪಾಕ್ಷರವಾಗಿಯೂ ಅಸಂದಿಗ್ಧವಾಗಿಯೂ ಇದೆ. ಸಾರವತ್ತಾಗಿದೆಯೇ ಎಂಬುದು ಚಿಂತ್ಯ. ಸೆಕೆಂಡಿಗೆ 50 ಆವರ್ತಗಳ ವಿದ್ಯುತ್ತನ್ನು ನಂಬಿ ಓಡುವ ಮೋಟಾರು ಬಹುಮಟ್ಟಿಗೆ ಆ ಆವರ್ತದ ತಾಳವನ್ನೇ ಅನುಸರಿಸುವುದು, ವೋಲ್ಟೇಜಿನ ಏರಿಳಿತಕ್ಕೆ ಅಷ್ಟಾಗಿ ಅಂಜುವುದಿಲ್ಲ. ಸಂಶಯವುಳ್ಳವರು 180 ಗೆರೆಗಳನ್ನು ಸುತ್ತಲೂ ಎಳೆದ ಕಾಗದದ ಚಕ್ರವೊಂದನ್ನು ಎಲ್‌ಪಿ ತಟ್ಟೆಯ ಮೇಲಿಟ್ಟು ಟ್ಯೂಬ್ ಲೈಟಿನ ಬೆಳಕಿನಲ್ಲಿ ನೋಡತಕ್ಕದ್ದು: ನಿಮಿಷಕ್ಕೆ ಮೂವತ್ತಮೂರೂ ಮೂರನೆಯೊಂದು ಸುತ್ತು ಸರಿಯಾಗಿದ್ದಲ್ಲಿ ಗೆರೆಗಳು ನಿಂತಂತೆ ತೋರುವುವು, ಮುಂದೆ ಹರಿದರೆ ವೇಗ ಹೆಚ್ಚು, ಹಿಂದೆ ಸರಿದರೆ ಕಡಿಮೆ. ಅದೂ ಅಲ್ಲದೆ, ಕರೆಂಟೇ ಕಾಲಿಡದ ಹಳ್ಳಿಗಳಲ್ಲಿ ಆಂಪ್ಲಿಫಯರಿಗೆ ಕಾರಿನ ಬ್ಯಾಟರಿಯನ್ನೂ ತಟ್ಟೆಗೆ ಕೈಕೀಲಿಯ ಸ್ಪ್ರಿಂಗನ್ನೂ ಹೂಡಿ ನಡೆಸಿದ ಲಗ್ನಗಳಲ್ಲಿಯೂ ಗೊರಗೊರವು ಕೇಳಿಬಂದಿರುವುದರಿಂದ, ಇಲ್ಲದ ಕರೆಂಟಿಗೆ ಡಲ್ಲಾಗುವ ಸಾಮರ್ಥ್ಯವನ್ನು ಆರೋಪಿಸುವುದು ವಂಧ್ಯಾಪುತ್ರನಿಗೆ ಜಾತಕ ಬರೆಸುವ ಕೆಲಸ.

ಕೀಲಿ ಸಡಿಲಿದಾಗ ಉಂಟಾಗುವ ವಿಕಾರ ಬೇರೊಂದು ಜಾತಿಯದು, ಅದಕ್ಕೆ ಉದಾಹರಣೆಯೂ ರಸವತ್ತಾದುದು. 1902ರಲ್ಲಿ ಕಲ್ಕತ್ತೆಯಲ್ಲಿ ತಟ್ಟೆಗೆ ಹಾಡಿ, ಕಡೆಗಾಲವನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡ ಗೌಹರ್ ಜಾನ್ ಅವರು ಹಾಡು ಮುಗಿದೊಡನೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಸಾರುವ ಪದ್ಧತಿಯಿಟ್ಟುಕೊಂಡಿದ್ದರು. ಮೂರು ನಿಮಿಷದ ತಟ್ಟೆಯಲ್ಲಿ ಹೆಸರು ಬರುವುದು ತುದಿಯಲ್ಲಿ, ಕೀಲಿ ದಣಿಯುವುದೂ ತುದಿಯಲ್ಲಿ. ಆದಕಾರಣ ಹಾಡನ್ನೆಲ್ಲ ಹೆಣ್ಣುಕಂಠದಲ್ಲಿ ಹಾಡಿ ಹೆಸರನ್ನು ಮಾತ್ರ ಗಂಡುಕಂಠದಲ್ಲಿ ಹೇಳುವ ಅರ್ಧನಾರೀಶ್ವರತ್ವವನ್ನು ಹಳೆಯ ಪೆಟ್ಟಿಗೆಗಳು ಆ ವಿದುಷಿಗೆ ಅನುಗ್ರಹಿಸುತ್ತಿದ್ದುವು. ಹಾಗೆಯೇ ಎಲ್‌ಪಿ ತಟ್ಟೆಯನ್ನು 45ರ ವೇಗದಲ್ಲಿ ಬಿಟ್ಟರೆ ಗಾಯಕರ ಷಡ್ಜವು ಶುದ್ಧಮಧ್ಯಮವನ್ನು ಕಿಂಚಿತ್ ದಾಟಿ ನಿಲ್ಲುವುದು, 78ರಲ್ಲಿ ಬಿಟ್ಟರೆ ಒಂದು ಸ್ಥಾಯಿಯನ್ನೇ ಮೀರುವುದು. ಇದು ರೋಗವೇ ಅಲ್ಲ. ವೇಗದ ಕಡ್ಡಿಯನ್ನು ಸರಿಸಿದರೆ ಸಾಕು.

ವಸ್ತುತಃ ಗೊರಗೊರವು ತ್ರಿದೋಷಜನ್ಯ. ಕಫವೆಂದರೆ ಧೂಳು. ದೇಶದಲ್ಲಿ ಅತ್ಯಲ್ಪ ಮಳೆ ಬೀಳುವ ಸೀಮೆಗಳಲ್ಲಿ ಅನಂತಪುರವೂ ಒಂದಷ್ಟೆ. ಆ ಒಣಗಾಳಿಯಲ್ಲಿ ಎಲ್‌ಪಿಯನ್ನು ಪಂಚೆಯ ಸೆರಗಿನಿಂದ ಉಜ್ಜಿದರೆ ಅದು ವಿದ್ಯುದಾವೇಶಗೊಂಡು, ಇದ್ದ ಧೂಳನ್ನು ಬಿಡುವ ಬದಲು ಇಲ್ಲದ ಧೂಳನ್ನೂ ಬರಮಾಡಿಕೊಳ್ಳುವುದು. ಶೇಂಗಾ ಬಡಿಯುವ ಕಾಲದಲ್ಲಂತೂ ಕಣದ ಹೊಟ್ಟೆಲ್ಲ ಗೀರಿನೊಳಗಿಳಿದು, ಮುಳ್ಳಿನ ತುದಿಯಲ್ಲಿ ಬೂದುಬಣ್ಣದ ಗಡ್ಡವೊಂದು ಬೆಳೆಯುವುದು. ಗಡ್ಡ ಬಂದ ಮುಳ್ಳು ಗೀರಿನ ಗೋಡೆಯನ್ನು ಮುಟ್ಟದೆ ತೇಲುತ್ತ ಸಕಾರ ಶಕಾರಗಳನ್ನೆಲ್ಲ ಉಗುಳನ್ನಾಗಿ ಮಾಡುವುದು. ಇದಕ್ಕೆ ಮೆದು ಕುಂಚವೇ ಔಷಧ. ಹಿಂದಿನಿಂದ ಮುಂದಕ್ಕೆ ಸವರಬೇಕು, ಅಡ್ಡಡ್ಡ ಎಳೆದರೆ ಮುಳ್ಳೇ ಮುರಿದೀತು. ಸ್ಪಿರಿಟ್ಟಿನಿಂದ ಒರೆಸುವ ಚಿಕಿತ್ಸೆಯು 78ರ ತಟ್ಟೆಗೆ ಪ್ರಾಣಾಂತಿಕ. ಅದು ಅರಗಿಗೆ ಕಲ್ಲಿನ ಹುಡಿ ಬೆರೆಸಿ ಅಚ್ಚೊತ್ತಿದ ವಸ್ತು. ಅರಗು ಮದ್ಯಸಾರದಲ್ಲಿ ಕರಗುವುದು. ಮದ್ಯದ ಸಹವಾಸದಿಂದ ಕಂಠ ಕೆಡುವ ದೌರ್ಬಲ್ಯ ಕಲಾವಿದರಿಂದ ಅವರ ತಟ್ಟೆಗಳಿಗೂ ಇಳಿದುಬಂದಿದೆಯೆಂದು ತಿಳಿಯತಕ್ಕದ್ದು.

ಪಿತ್ತವೆಂದರೆ ಕಾವು. ಪಾಂಡವರನ್ನು ಅರಗಿನ ಮನೆಯಲ್ಲಿರಿಸಿದ ದುರ್ಯೋಧನನಿಗೆ ತಿಳಿದಿದ್ದ ದ್ರವ್ಯಗುಣವು ಮೈಕ್ ಸೆಟ್ಟಿನ ಹುಡುಗನಿಗೆ ತಿಳಿಯದೆ, ರಾಯದುರ್ಗದ ಕೋಟೆಬೆಟ್ಟದ ಬಂಡೆಗಳೇ ಬೆವರುವ ವೈಶಾಖದಲ್ಲಿ ಅವನು ತಟ್ಟೆಗಳನ್ನು ತಗಡಿನ ಟ್ರಂಕಿನ ಮೇಲೆ ಒರಗಿಸಿಟ್ಟು ಊಟಕ್ಕೆ ಹೋಗುವನು. ಹಿಂತಿರುಗುವಷ್ಟರಲ್ಲಿ ಅವು ಹಪ್ಪಳವಾಗಿರುವುವು. ಸುತ್ತುಸುತ್ತಿಗೂ ಮುಳ್ಳು ದಿಣ್ಣೆಯೇರಿ ತಗ್ಗಿಗಿಳಿಯುತ್ತ, ಭಕ್ತಿಗೀತೆಗೆ ಎತ್ತಿನಗಾಡಿಯ ಪ್ರಯಾಣಸುಖವನ್ನು ತಂದುಕೊಡುವುದು. ವಾತವು ಮೋಟಾರಿಗೂ ತಟ್ಟೆಗೂ ನಡುವಣ ರಬ್ಬರಿನ ಚಕ್ರವನ್ನು ಆಶ್ರಯಿಸಿದೆ. ಅದನ್ನು ರಾತ್ರಿಯೆಲ್ಲ ಒತ್ತಿದಂತೆಯೇ ಬಿಟ್ಟರೆ ಕುಳಿ ಬಿದ್ದು ದಡದಡವೆನ್ನುವುದು. ಚಕ್ರ ಬದಲಿಸಬೇಕು, ಬೇರೆ ಚಿಕಿತ್ಸೆಯಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಗೊರಗೊರದ ಮೂಲವು ಬಹುಪಾಲು ಮುಳ್ಳಿನ ತುದಿಯಿಂದ ನಾಲ್ಕು ಬೆರಳಿನೊಳಗೇ ಇರುವುದೆಂಬುದು ನಮ್ಮ ಸಿದ್ಧಾಂತ. ಉಕ್ಕಿನ ಮುಳ್ಳು ಒಂದು ಮಗ್ಗುಲಿಗೆ ಒಂದರಂತೆ ಬಲಿಯಾಗಲೆಂದೇ ಹುಟ್ಟಿದುದು. ನಾಯಿಯ ಚಿತ್ರದ ಪುಟ್ಟ ಡಬ್ಬಿಯಲ್ಲಿ ಇನ್ನೂರು ಮುಳ್ಳುಗಳನ್ನು ತುಂಬಿ ಮಾರುತ್ತಿದ್ದುದು ಈ ಕಾರಣದಿಂದಲೇ. ಮೂರು ನಿಮಿಷದಲ್ಲಿ ಅದು ಕಲ್ಲುಹುಡಿಯ ಹಾದಿಯಲ್ಲಿ ನೂರು ಮೀಟರಿಗೂ ಮಿಕ್ಕು ತೆವಳಿ, ಗೀರಿನ ಆಕಾರಕ್ಕೆ ಸವೆದುಹೋಗುವುದು. ಡಬ್ಬಿಯ ಬೆಲೆಯನ್ನು ನೆನೆದ ಮಿತವ್ಯಯಿ ಅದನ್ನೇ ಸಡಿಲಿಸಿ ತುಸು ತಿರುಗಿಸಿ ಮತ್ತೆ ಬಿಗಿಯುವನು. ಆಗ ಸವೆದ ಮಗ್ಗುಲು ಉಳಿಯ ಬಾಯಾಗಿ ಗೀರನ್ನು ಕೆತ್ತತೊಡಗುವುದು. ಮೊದಲು ಹಾಳಾಗುವುದು ತಾರಸ್ಥಾಯಿ. ಬಿ. ಎಸ್. ರಾಜಯ್ಯಂಗಾರ್ಯರ ‘ಜಗದೋದ್ಧಾರನ’ ತಟ್ಟೆಯ ಮೇಲೆ ಇಂಥ ಮುಳ್ಳನ್ನಿಳಿಸುವವನು ಯಾವ ನರಕಕ್ಕೆ ಹೋಗುವನೆಂಬುದನ್ನು ಧರ್ಮಶಾಸ್ತ್ರಜ್ಞರು ನಿರ್ಣಯಿಸಲಿ. ಈಚಿನ ಪೆಟ್ಟಿಗೆಗಳಲ್ಲಿ 78ಕ್ಕೊಂದು, ಎಲ್‌ಪಿಗೊಂದು ಎಂದು ಬೆನ್ನಿಗೆ ಬೆನ್ನು ಹಚ್ಚಿದ ಎರಡು ಮುಳ್ಳುಗಳುಂಟು. ಮೊದಲನೆಯದರ ತುದಿ ಎರಡನೆಯದಕ್ಕಿಂತ ಸುಮಾರು ಮೂರರಷ್ಟು ದಪ್ಪ. ಕಿವಿಯನ್ನು ಹಿಂಡಿ ಮಗ್ಗುಲು ಬದಲಾಯಿಸಲು ಮರೆತು ದಪ್ಪ ಮುಳ್ಳನ್ನು ಸಣ್ಣ ಗೀರಿಗಿಳಿಸಿದವನೇ ಎದ್ದು ನಿಂತು ಕರೆಂಟನ್ನು ಬಯ್ಯುವುದು ಲೋಕರೂಢಿ. ಎಲ್‌ಪಿಯ ಕಡೆಯ ಹಾಡು ಮಾತ್ರ ಒರಟಾಗಿ ಕೇಳಿದರೆ ಯಾರನ್ನೂ ಬಯ್ಯಬೇಕಿಲ್ಲ: ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಸರಿಯುವ ಗೀರು ಒಳ ಅಂಚಿನಲ್ಲಿ 21ಕ್ಕೆ ಇಳಿದು, ಅಷ್ಟೇ ಸ್ವರಗಳು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಒತ್ತೊತ್ತಾಗಿ ಕುಳಿತುಕೊಳ್ಳಬೇಕಾಗುವುದು.

ಕೊನೆಯದು ನಾಣ್ಯಪ್ರಕರಣ. ಮುಳ್ಳು ಎಗರಿದಾಗ ಅದರ ತಲೆಯ ಮೇಲೆ ಕಾಸಿಡುವ ಆಚಾರವು ಎರಡೂ ತಾಲ್ಲೂಕುಗಳಿಗೆ ಸಮಾನ. ನಿಕ್ಕಲ್ಲಿನ ನಾಲ್ಕಾಣೆಯ ತೂಕ 2.5 ಗ್ರಾಂ, ಎಂಟಾಣೆಯದು 5 ಗ್ರಾಂ. ನಾಜೂಕು ಜಾತಿಯ ಮುಳ್ಳುಗಳು ಬಯಸುವ ಒಟ್ಟು ಭಾರವೇ 2 ಗ್ರಾಮಿನ ಆಸುಪಾಸು. ಹೀಗಿರಲು ಎಂಟಾಣೆಯನ್ನು ಹೊತ್ತ ಮುಳ್ಳು ಸೊಂಟ ಬಗ್ಗಿ, ಅದರ ಪೆಟ್ಟಿಗೆಯ ಹೊಟ್ಟೆಯೇ ತಟ್ಟೆಗೆ ತಾಗಿ, ಶುದ್ಧ ಗೊರಗೊರವು ಪ್ರಾದುರ್ಭವಿಸುವುದು. ಐತಿಹ್ಯವೊಂದರಂತೆ, ಗಡಿಯ ಗ್ರಾಮವೊಂದರ ಮದುವೆಯಲ್ಲಿ ಸೀಮಾವಾದಿಗಳೂ ವಿದ್ಯುದ್ವಾದಿಗಳೂ ಚಪ್ಪರದಡಿ ವಾಗ್ವಾದ ನಡೆಸುತ್ತಿರಲಾಗಿ, ದಕ್ಷಿಣೆಗೆ ಚಿಲ್ಲರೆ ಸಾಲದೆ ಪುರೋಹಿತರು ಕೈಚಾಚಿದರು; ಮೈಕ್ ಸೆಟ್ಟಿನ ಹುಡುಗ ಮುಳ್ಳಿನ ತಲೆಯ ಮೇಲಿದ್ದ ಎಂಟಾಣೆಯನ್ನು ತೆಗೆದುಕೊಟ್ಟನು; ಗೊರಗೊರವು ತಕ್ಷಣ ನಿಂತು, ಗಾಯಕರ ಕಂಠವು ಸ್ಫಟಿಕದಷ್ಟು ನಿರ್ಮಲವಾಗಿ ಹೊರಬಂದಿತು. ತಮ್ಮ ವಾದದಿಂದಲೇ ಇದಾಯಿತೆಂದು ಎರಡು ಪಕ್ಷದವರೂ ವೀಳ್ಯ ಸ್ವೀಕರಿಸುವಷ್ಟರಲ್ಲಿ, ಭಾರ ಕಳೆದ ಮುಳ್ಳು ಹಳೆಯ ಸೀಳಿನಲ್ಲಿ ಎಗರಿ, ಹಾಡಿನ ಅರ್ಧ ಸಾಲೊಂದು ಅದೇ ನಿರ್ಮಲ ಕಂಠದಲ್ಲಿ ಮರಳಿ ಮರಳಿ ಬರತೊಡಗಿತು. ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸುವ ಷಡ್ಲಿಂಗಗಳಲ್ಲಿ ಅಭ್ಯಾಸ, ಎಂದರೆ ಹೇಳಿದ್ದನ್ನೇ ಹೇಳುವುದು, ಒಂದಾಗಿರುವುದರಿಂದ ಯಾರೂ ಎದ್ದುಹೋಗಿ ಮುಳ್ಳನ್ನು ಮುಟ್ಟಲಿಲ್ಲ. ಕಡೆಯ ಪಂಕ್ತಿಯ ಎಲೆ ಎತ್ತುವವರೆಗೂ ತಾತ್ಪರ್ಯವು ನಿರ್ಣಯವಾಗುತ್ತಲೇ ಇತ್ತು.