ಸ್ಟಾರ್ಟ್ ಆಯ್ತಾ ಅಂತ ಕೇಳ್ತೀರಲ್ಲ ಗೌಡ್ರೇ

ಹೌದು ಗೌಡ್ರೇ, ಬೆಳಿಗ್ಗೆ ಆ ಸದ್ದು ನಮ್ಮ ಅಂಗಳದ್ದೇ. ಅಪ್ಪಯ್ಯನ ಚೈನ್ ಸಾ. ಅಟ್ಟದ ಮೇಲೆ ಗೋಣಿಚೀಲ ಹೊದ್ದು ಕೂತಿತ್ತಲ್ಲ, ಅದೇ ಸ್ಟಿಲ್ 070. ಗುಜರಿಯವನು ಎರಡು ಸಲ ಬಂದು ಕೇಳಿ ಹೋದ, ಕೊಡೋಕೆ ಮನಸ್ಸು ಬರಲಿಲ್ಲ. ಬೇಲಿ ಹತ್ರಾನೇ ನಿಂತ್ಕೊಳ್ಳಿ, ಹೇಳ್ತೀನಿ. ಈ ಕಡೆ ಎಲ್ಲ ಕೆಸರು.

ಮೊದಲು ನೋಡಿದ್ದು ಜೀವ ಇದೆಯೋ ಇಲ್ಲವೋ ಅಂತ. ಹಗ್ಗದ ಹಿಡಿ ಹಿಡಿದು ಮಿಷನ್ ಮೇಲೆತ್ತಿದೆ. ಹತ್ತು ಕೆ.ಜಿ. ಮೇಲಿನ ಭಾರ, ಕಂಪ್ರೆಷನ್ ಸತ್ತಿದ್ರೆ ದಡಕ್ ಅಂತ ಕೆಳಗೆ ಬೀಳ್ಬೇಕು. ಬೀಳಲಿಲ್ಲ. ತಡೆತಡೆದು, ಉಸಿರು ಬಿಡ್ತಾ ಇಳೀತು. ಆಮೇಲೆ ಸೈಲೆನ್ಸರ್ ಬಿಚ್ಚಿ ತೂತಿನೊಳಗೆ ಟಾರ್ಚ್ ಬಿಟ್ಟೆ. ಪಿಸ್ಟನ್ ಮೇಲೆ ಒಂದು ಗೀರೂ ಇಲ್ಲ. ಅಪ್ಪಯ್ಯ ಆಯಿಲ್ ಹಾಕೋದ್ರಲ್ಲಿ ಯಾವತ್ತೂ ಜುಗ್ಗತನ ಮಾಡಿದವರಲ್ಲ. ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಅಳತೆ ಮಾಡಿಯೇ ಹಾಕೋರು. ಅವರ ಆ ಅಳತೆ ಇಷ್ಟು ವರ್ಷ ಆದಮೇಲೂ ಒಳಗೆ ಹಾಗೇ ಹೊಳೀತಿತ್ತು ಗೌಡ್ರೇ.

ಕಿಡಿ ಇರಲಿಲ್ಲ. ಫ್ಲೈವೀಲ್ ತೆಗೆದ್ರೆ ಪಾಯಿಂಟ್ ಮೇಲೆ ತುಕ್ಕು. ಸಣ್ಣ ಎಮರಿ ಕಾಗದ ಆಡಿಸಿ, ಆಮೇಲೆ ಬಿಳಿ ಕಾಗದದ ಚೂರನ್ನ ನಡುವೆ ಎಳೆದೆಳೆದು ಒರೆಸಿದೆ. ಸಂದು 0.4 ಮಿ.ಮೀ. ಇಟ್ಟೆ. ಪ್ಲಗ್ಗನ್ನ ಲೋಹಕ್ಕೆ ತಾಗಿಸಿ ಹಗ್ಗ ಎಳೆದ್ರೆ ನೀಲಿ ಕಿಡಿ!

ಇನ್ನು ಕಾರ್ಬೊರೇಟರ್. ಇದರಲ್ಲಿ ಬೈಕಿನ ಹಾಗೆ ಫ್ಲೋಟ್ ಇರಲ್ಲ, ಡಯಾಫ್ರಮ್ ಅಂತ ತೆಳ್ಳನೆ ಪೊರೆ ಇರುತ್ತೆ. ಎಂಜಿನ್ನಿನ ಒಳಗಿನ ಒತ್ತಡ ಬಡಿದ ಹಾಗೆ ಅದು ಬಡಿದುಕೊಂಡು ಪೆಟ್ರೋಲ್ ಎಳೆಯುತ್ತೆ. ಮಿಷನ್ನನ್ನ ಅಡ್ಡ ಹಿಡೀರಿ, ಓರೆ ಹಿಡೀರಿ, ಪೆಟ್ರೋಲ್ ನಿಲ್ಲಲ್ಲ. ಫ್ಲೋಟಿನ ಮಿಷನ್ನಿಗೆ ಆ ಭಾಗ್ಯ ಇಲ್ಲ, ಅದು ಮಟ್ಟಸವಾಗೇ ಇರ್ಬೇಕು. ಆದ್ರೆ ನಮ್ಮ ಪೊರೆ ಬಿಸಿಲಿಗಿಟ್ಟ ಹಪ್ಪಳದ ಹಾಗಾಗಿತ್ತು, ಬೆರಳಿಟ್ರೆ ಲಟಕ್ ಅಂತು. ಹೊಸದು ತರಿಸಿ ಹಾಕಿದೆ, ಪೆಟ್ರೋಲ್ ಪೈಪೂ ಬದಲಾಯಿಸಿದೆ. ಈಗ ಬಂಕಿನಲ್ಲಿ ಸಿಗೋ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲ್ ಅಲ್ವಾ? ಅದು ಗಾಳಿಯ ತೇವ ಹೀರುತ್ತೆ, ಹಳೇ ರಬ್ಬರನ್ನ ಕೆಡಿಸುತ್ತೆ. ಅದಕ್ಕೇ ಕೆಲಸ ಮುಗಿದ ಕೂಡಲೇ ಟ್ಯಾಂಕ್ ಖಾಲಿ ಮಾಡಿ, ಉಳಿದಷ್ಟು ಉರಿದು ತಾನೇ ಆಫ್ ಆಗೋವರೆಗೆ ಓಡಿಸಿ ಇಡ್ತೀನಿ. ಮಳೆಗಾಲದಲ್ಲಂತೂ ಇದನ್ನ ತಪ್ಪಿಸೋ ಹಾಗೇ ಇಲ್ಲ.

ನೀವು ಕೇಳಿದ ಸದ್ದು ಬರ್‌ಬರ್ ಅಂತ ಒಡೆದ ಹಾಗಿತ್ತು ಅಲ್ವಾ? ಕೆಟ್ಟಿರಬೇಕು ಅಂದ್ಕೊಂಡ್ರಿ. ಇಲ್ಲ, ಅದೇ ಆರೋಗ್ಯ. ಮರಕ್ಕೆ ತಾಗಿಸದೆ ಪೂರ್ತಿ ಎಕ್ಸಲೇಟರ್ ಕೊಟ್ಟಾಗ ಹಾಗೆ ಒಡೀಬೇಕು, ಮರಕ್ಕಿಟ್ಟ ಕೂಡಲೇ ಸದ್ದು ಒಂದಾಗಿ ನುಣ್ಣಗಾಗ್ಬೇಕು. ಖಾಲಿಯಲ್ಲೇ ಸುಂಯ್ ಅಂತ ಚಂದ ಕೂಗ್ತಿದ್ರೆ ಪೆಟ್ರೋಲ್ ಸಾಲ್ತಿಲ್ಲ ಅಂತ ಅರ್ಥ. ಇದರಲ್ಲಿ ಆಯಿಲ್ ಬರೋದೇ ಪೆಟ್ರೋಲ್ ಜೊತೆ. ಪೆಟ್ರೋಲ್ ಕಮ್ಮಿಯಾದ್ರೆ ಆಯಿಲೂ ಕಮ್ಮಿ, ಪಿಸ್ಟನ್ ಹಿಡ್ಕೊಂಡು ಬಿಡುತ್ತೆ.

ಚೈನಿನ ಕಥೆ ಕೇಳಿ. ಮೊದಲಿನ ಚೈನ್‌ಗಳ ಹಲ್ಲು ಕೈಗರಗಸದ ಹಲ್ಲಿನ ಹಾಗೇ ಇತ್ತು, ಬೇಗ ಮೊಂಡಾಗ್ತಿತ್ತು. 1946ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಜೋಸೆಫ್ ಕಾಕ್ಸ್ ಅನ್ನೋ ಮರ ಕಡಿಯುವವನು ಬೊಡ್ಡೆಯೊಳಗೆ ದುಂಬಿಯ ಮರಿಹುಳ ಒಂದನ್ನ ನೋಡಿದ. ನಮ್ಮ ಅಡಿಕೆ ಬೇರು ತಿನ್ನೋ ಗೊಣ್ಣೆಹುಳದ ಹಾಗೆ ದಪ್ಪನೆಯದು. ಅದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕೊರೀತಾ ಗಟ್ಟಿ ಮರದೊಳಗೆ ಸಲೀಸಾಗಿ ಹೋಗ್ತಿತ್ತು. ಅದರ ದವಡೆ ನೋಡಿ ಅವನು ಮಾಡಿದ ಹಲ್ಲೇ ಇವತ್ತಿನ ಚೈನಿಗೂ ಮೂಲ. ಅದನ್ನ ಉರುಟು ಅರದಲ್ಲಿ ಮಸೀತೀವಿ. ಹಿಟ್ಟಿನ ಹಾಗೆ ಹೊಟ್ಟು ಬಂದ್ರೆ ಮೊಂಡು, ಕಾಯಿತುರಿಯ ಹಾಗೆ ಬಂದ್ರೆ ಚೂಪು.

ಸರಿ, ಎಲ್ಲರೂ ಕೇಳೋದು ಒಂದೇ ಮಾತು, ಸ್ಟಾರ್ಟ್ ಆಯ್ತಾ ಅಂತ. ಮೊನ್ನೆವರೆಗೆ ನಾನೂ ಅದನ್ನೇ ಕೇಳ್ಕೊಳ್ತಿದ್ದೆ. ಮೂರನೇ ಎಳೆತಕ್ಕೆ ಸ್ಟಾರ್ಟ್ ಆಯ್ತು, ಖುಷಿಗೆ ಕಣ್ಣಲ್ಲಿ ನೀರು ಬಂತು. ಆಫ್ ಮಾಡೋಣ ಅಂತ ಸ್ವಿಚ್ ಒತ್ತಿದ್ರೆ ನಿಲ್ತಾನೇ ಇಲ್ಲ! ಮತ್ತೆ ಒತ್ತಿದೆ, ಇಲ್ಲ. ಒಳಗೆ ಸ್ವಿಚ್ಚಿನ ವೈರ್ ಇಲಿ ಕಡಿದು ತುಂಡಾಗಿತ್ತು. ಕೈಯಲ್ಲಿ ಮಿಷನ್ ಕುಣೀತಿದೆ, ಮೊಮ್ಮಗಳು ಜಗಲಿ ಮೆಟ್ಟಿಲಲ್ಲಿ ನಿಂತಿದಾಳೆ. ಕೊನೆಗೆ ಚೋಕ್ ಎಳೆದೆ. ಪೆಟ್ರೋಲ್ ಉಕ್ಕಿ ಉಸಿರುಕಟ್ಟಿ ನಿಂತಿತು. ಆಮೇಲೆ ಎಷ್ಟೋ ಹೊತ್ತು ನನ್ನ ಕೈ ನಡುಗ್ತಿತ್ತು.

ಇದಕ್ಕೆ ಚೈನ್ ಬ್ರೇಕ್ ಇಲ್ಲ ಗೌಡ್ರೇ. ಈಗಿನ ಮಿಷನ್‌ಗಳಲ್ಲಿ ಮುಂದುಗಡೆ ಒಂದು ಅಡ್ಡ ಪಟ್ಟಿ ಇರುತ್ತಲ್ಲ, ಚೈನ್ ಸುತ್ತೋ ಬಾರಿನ ತುದಿ ಮರಕ್ಕೆ ತಾಗಿ ಹಿಂದಕ್ಕೆ ಒದ್ರೆ ಅದು ಕಣ್ಣು ಮಿಟುಕಿಸೋದ್ರೊಳಗೆ ಚೈನ್ ನಿಲ್ಲಿಸುತ್ತೆ. ಅಪ್ಪಯ್ಯನಿಗೆ ಆ ಕಾವಲು ಇರಲಿಲ್ಲ. ಅದಕ್ಕೇ ಅವರು ಬಾರಿನ ತುದಿಯ ಮೇಲ್ಭಾಗ ಯಾವತ್ತೂ ಮರಕ್ಕೆ ತಾಗಿಸ್ತಿರಲಿಲ್ಲ, ನೆಲಕ್ಕಿಟ್ಟು ಹಿಡಿ ಮೆಟ್ಟಿಕೊಳ್ಳದೆ ಹಗ್ಗ ಎಳೀತಿರಲಿಲ್ಲ, ಹೆಬ್ಬೆರಳು ಹಿಡಿಯ ಸುತ್ತ ಸುತ್ತದೆ ಕೊಯ್ತಿರಲಿಲ್ಲ. ಮಿಷನ್ನಿನಲ್ಲಿ ಇಲ್ಲದ ಬ್ರೇಕನ್ನ ತಮ್ಮ ಅಭ್ಯಾಸದಲ್ಲಿ ಇಟ್ಕೊಂಡಿದ್ರು. ಅದು ನನಗೆ ಈಗ ಅರ್ಥ ಆಯ್ತು.

ವೈರ್ ಹೊಸದು ಹಾಕಿದ್ದೀನಿ. ಬೆಳಿಗ್ಗೆ ನೀವು ಕೇಳಿದ್ದು ಮರ ಕೊಯ್ದ ಸದ್ದಲ್ಲ, ಹತ್ತು ಸಲ ಸ್ಟಾರ್ಟ್ ಮಾಡಿ ಹತ್ತು ಸಲ ನಿಲ್ಲಿಸಿದ್ದು. ಗಾಳಿಗೆ ಬಿದ್ದ ನಿಮ್ಮ ಸಿಲ್ವರ್ ಓಕ್ ನಾಳೆ ಕೊಯ್ದು ಕೊಡ್ತೀನಿ, ದುಡ್ಡಿನ ಮಾತೆತ್ತಬೇಡಿ. ಮಕ್ಕಳನ್ನ ಮಾತ್ರ ಒಳಗೆ ಕೂರಿಸಿ. ನಿಮ್ಮ ಹುಡುಗನಿಗೆ ಕಲೀಬೇಕು ಅಂತಿದ್ರೆ ಬೆಳಿಗ್ಗೆ ಏಳಕ್ಕೆ ಕಳ್ಸಿ. ಹಗ್ಗ ಎಳೆಯೋದು ಆಮೇಲೆ, ಮೊದಲು ಆ ಸ್ವಿಚ್ಚಿನ ಮೇಲೆ ಬೆರಳಿಡಿಸ್ತೀನಿ.